ಬಂದು ಹೋಗುವ ಥ್ರಾಟಲ್ ಸೆನ್ಸರ್ ದೋಷ: ಕಪ್ಲರ್ ಕೀಳುವ ಮೊದಲು ಹಿಡಿಯುವುದು ಹೇಗೆ

ಗಂಟೆಗೆ 60 ಕಿ.ಮೀ. ವೇಗ, ನೇರ ರಸ್ತೆ, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದೆ. ಇದ್ದಕ್ಕಿದ್ದಂತೆ ಗಾಡಿ ಒಮ್ಮೆ ಮುಗ್ಗರಿಸುತ್ತದೆ. ಯಾರೋ ಹಿಂದಿನಿಂದ ಹಿಡಿದೆಳೆದು ತಕ್ಷಣ ಬಿಟ್ಟ ಹಾಗೆ. ಮರುಕ್ಷಣ ಏನೂ ಆಗಿಲ್ಲ ಅನ್ನುವಂತೆ ಓಡುತ್ತದೆ. ಚೆಕ್ ಎಂಜಿನ್ ಲೈಟ್ ಕೆಲವು ದಿನ ಉರಿಯುತ್ತದೆ, ಆಮೇಲೆ ತಾನಾಗಿಯೇ ಆರುತ್ತದೆ. ಗ್ಯಾರೇಜಿಗೆ ಒಯ್ದ ದಿನ ಒಂದು ತಕರಾರೂ ಇರುವುದಿಲ್ಲ.

ನನ್ನ ಗಾಡಿಯಲ್ಲಿ ಇದೇ ಆಗಿತ್ತು. ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಪಿ0123 ಅನ್ನುವ ಕೋಡ್ ಬಂತು. ಎಂಜಿನ್‌ಗೆ ಗಾಳಿ ಬಿಡುವ ತಟ್ಟೆ (ಥ್ರಾಟಲ್) ಎಷ್ಟು ತೆರೆದಿದೆ ಅಂತ ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರ್, ಅಂದರೆ ಟಿಪಿಎಸ್, ಹೊಸದು ಹಾಕಿಸಿದೆ. ಎರಡು ವಾರ ಚೆನ್ನಾಗಿತ್ತು. ಮೂರನೇ ವಾರ ಅದೇ ಮುಗ್ಗರಿಕೆ, ಅದೇ ಕೋಡ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು. ಹಳೆಯ ಸೆನ್ಸರ್ ಸರಿಯಾಗಿಯೇ ಇತ್ತು. ಆ ಎರಡು ವಾರ ಗಾಡಿ ಸರಿಯಿದ್ದದ್ದು ಹೊಸ ಸೆನ್ಸರ್‌ನಿಂದ ಅಲ್ಲ, ಸೆನ್ಸರ್ ಬದಲಿಸುವಾಗ ಕಪ್ಲರ್ (ವೈರ್‌ಗಳನ್ನು ಸೆನ್ಸರ್‌ಗೆ ಸಿಕ್ಕಿಸುವ ಪ್ಲಗ್) ಕಿತ್ತು ಮತ್ತೆ ಹಾಕಿದ್ದರಿಂದ. ವೈರ್ ಸ್ವಲ್ಪ ಬೇರೆ ಕಡೆ ಬಾಗಿ, ಒಳಗೆ ತುಂಡಾಗಿದ್ದ ತಂತಿ ಕೆಲವು ದಿನ ಒಂದಕ್ಕೊಂದು ತಾಗಿಕೊಂಡಿತ್ತು.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ದೋಷವನ್ನು ವೋಲ್ಟ್ ಅಳೆಯುವ ಮೀಟರ್‌ನಲ್ಲೋ ಸ್ಕ್ಯಾನರ್‌ನಲ್ಲೋ ಒಮ್ಮೆಯಾದರೂ ಕಣ್ಣಾರೆ ನೋಡುವ ತನಕ ಕಪ್ಲರ್ ಕೀಳಬೇಡಿ, ಯಾವ ಸ್ಕ್ರೂ ಸಹ ಸಡಿಲಿಸಬೇಡಿ. ಕಪ್ಲರ್ ಕಿತ್ತು ಹಾಕಿದರೆ ಪಿನ್ ಉಜ್ಜಿ ಸ್ವಚ್ಛವಾಗುತ್ತದೆ, ವೈರ್ ಜಾಗ ಬದಲಾಗುತ್ತದೆ, ದೋಷ ಅಡಗಿಕೊಳ್ಳುತ್ತದೆ. ಆಮೇಲೆ ನೀವು ಹುಡುಕುವುದು ಇಲ್ಲದ ದೋಷವನ್ನು.

ಸೆನ್ಸರ್ ಹೇಗೆ ಮಾತಾಡುತ್ತದೆ

ಕೇಬಲ್ ಥ್ರಾಟಲ್ ಇರುವ ಗಾಡಿಗಳಲ್ಲಿ ಟಿಪಿಎಸ್ ಅಂದರೆ ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯಂಥದ್ದೇ ಒಂದು ವಸ್ತು. ಒಳಗೆ ಕಾರ್ಬನ್ ಪಟ್ಟಿ, ಅದರ ಮೇಲೆ ಓಡಾಡುವ ಒಂದು ಸಣ್ಣ ಲೋಹದ ನಾಲಿಗೆ. ಥ್ರಾಟಲ್ ತಿರುಗಿದಂತೆ ನಾಲಿಗೆಯೂ ಸರಿಯುತ್ತದೆ. ವೈರ್ ಮೂರು: ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೊಡುವ 5 ವೋಲ್ಟ್, ಸೆನ್ಸರ್‌ನ ಅರ್ಥ್, ಮತ್ತು ಇಸಿಯುಗೆ ವಾಪಸ್ ಹೋಗುವ ಸಿಗ್ನಲ್. ಥ್ರಾಟಲ್ ಮುಚ್ಚಿದಾಗ ಸಿಗ್ನಲ್ ಸುಮಾರು ಅರ್ಧ ವೋಲ್ಟ್ ಇರುತ್ತದೆ, ಪೂರ್ತಿ ತೆರೆದಾಗ 4ರಿಂದ 4.7 ವೋಲ್ಟ್. ನಿಖರ ಅಂಕಿ ಗಾಡಿಯಿಂದ ಗಾಡಿಗೆ ಬೇರೆ, ಸರ್ವಿಸ್ ಮ್ಯಾನ್ಯುಯಲ್ ನೋಡಿಕೊಳ್ಳಿ.

ಸಿಗ್ನಲ್ ಎಂದೂ ಪೂರ್ತಿ 0ಗೆ ಇಳಿಯದ ಹಾಗೆ, ಪೂರ್ತಿ 5ಕ್ಕೆ ಏರದ ಹಾಗೆ ಬೇಕೆಂದೇ ಮಾಡಿದ್ದಾರೆ. ಆ ಎರಡು ತುದಿಗಳನ್ನು ಕಂಡರೆ ಇಸಿಯು ಇದು ಕಾಲಿನ ಕೆಲಸ ಅಲ್ಲ, ವೈರಿನ ಕೆಲಸ ಅಂತ ತಿಳಿಯುತ್ತದೆ. ಆದರೆ ಕೋಡ್ ದಾಖಲಾಗಬೇಕಾದರೆ ತಪ್ಪು ಸ್ವಲ್ಪ ಹೊತ್ತಾದರೂ ನಿಲ್ಲಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋದರೆ ಲೈಟ್ ಉರಿಯುವುದಿಲ್ಲ, ಗಾಡಿ ಮಾತ್ರ ಮುಗ್ಗರಿಸುತ್ತದೆ. ಸಿಗ್ನಲ್ ಕ್ಷಣಕಾಲ ಮೇಲಕ್ಕೆ ಹಾರಿದರೆ ಇಸಿಯು ನೀವು ಆಕ್ಸಿಲರೇಟರ್ ಜೋರಾಗಿ ಒತ್ತಿದಿರಿ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಕೆಳಗೆ ಬಿದ್ದರೆ ಕಾಲು ತೆಗೆದಿರಿ ಅಂದುಕೊಂಡು ಪೆಟ್ರೋಲ್ ಕಡಿಮೆ ಮಾಡುತ್ತದೆ, ಆರ್‌ಪಿಎಂ ಮೇಲಿದ್ದರೆ ನಿಲ್ಲಿಸಿಯೂ ಬಿಡಬಹುದು. ಎರಡೂ ಸಲ ಕುಳಿತವರಿಗೆ ಅನಿಸುವುದು ಒಂದೇ: ಜರ್ಕ್. ಆಟೋಮ್ಯಾಟಿಕ್ ಗೇರ್ ಗಾಡಿಯಾದರೆ ಸಮ ವೇಗದಲ್ಲಿ ಹೋಗುವಾಗ ಗೇರ್ ಸುಮ್ನೆ ಇಳಿಯುವುದು, ಮತ್ತೆ ಏರುವುದು ಕೂಡ ಕಾಣಿಸುತ್ತದೆ.

ಮೊದಲು ಬರೆದಿಡಿ

ಒಂದು ವಾರ ಗಾಡಿಯಲ್ಲಿ ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಎಂಜಿನ್ ತಣ್ಣಗಿತ್ತಾ, ಬಿಸಿಯಾಗಿತ್ತಾ? ರಸ್ತೆ ನಯವಾಗಿತ್ತಾ, ಗುಂಡಿಗಳಿದ್ದವಾ? ಮಳೆ ಬಂದಿತ್ತಾ? ಕಾಲು ಎಷ್ಟು ಒತ್ತಿತ್ತು? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಯಾವಾಗಲೂ ಆಕ್ಸಿಲರೇಟರ್‌ನ ಒಂದೇ ಜಾಗದಲ್ಲಿ, ಗುಂಡಿ ಇರಲಿ ಬಿಡಲಿ, ಜರ್ಕ್ ಬಂದರೆ ಸೆನ್ಸರ್ ಒಳಗಿನ ಪಟ್ಟಿ ಸವೆದಿರುವ ಸಾಧ್ಯತೆ ಜಾಸ್ತಿ. ಗುಂಡಿಗೆ ಇಳಿದಾಗ, ಎಂಜಿನ್ ಅಲುಗಿದಾಗ, ಗೇರ್ ಹಾಕಿ ಕ್ಲಚ್ ಬಿಟ್ಟಾಗ ಬಂದರೆ ವೈರ್ ಅಥವಾ ಕಪ್ಲರ್ ಕಡೆ ನೋಡಿ. ಅರ್ಧ ಗಂಟೆ ಓಡಿದ ಮೇಲೆ ಮಾತ್ರ ಬಂದರೆ ಬಿಸಿಗೆ ಬಿಟ್ಟುಕೊಳ್ಳುವ ಜಾಯಿಂಟ್ ಎಲ್ಲೋ ಇದೆ.

ಸ್ಕ್ಯಾನರ್ ಇದ್ದರೆ ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ತೆರೆದು ನೋಡಿ. ಕೋಡ್ ದಾಖಲಾದ ಕ್ಷಣದ ವೇಗ, ಆರ್‌ಪಿಎಂ, ಕೂಲಂಟ್ ಬಿಸಿ ಎಲ್ಲ ಅಲ್ಲಿರುತ್ತದೆ. ಎಷ್ಟೋ ಜನ ಮೊದಲು ಕೋಡ್ ಅಳಿಸಿ ಆಮೇಲೆ ಯೋಚನೆ ಮಾಡುತ್ತಾರೆ. ಕೋಡ್ ಜೊತೆಗೆ ಆ ಸಾಕ್ಷಿಯೂ ಅಳಿಸಿಹೋಗುತ್ತದೆ, ಮತ್ತೆ ಸಿಗಲು ವಾರಗಟ್ಟಲೆ ಕಾಯಬೇಕು.

ಟಿಪಿಎಸ್‌ಗೆ ಸಂಬಂಧವೇ ಇಲ್ಲದ ಕೆಲವು ತೊಂದರೆಗಳೂ ಹೀಗೇ ಮುಗ್ಗರಿಸುತ್ತವೆ. ಇಗ್ನಿಷನ್ ಕಾಯಿಲ್ ಮಿಸ್ ಹೊಡೆದರೆ ಜರ್ಕ್ ಏರು ದಾರಿಯಲ್ಲಿ, ಎಂಜಿನ್ ಮೇಲೆ ಭಾರ ಬಿದ್ದಾಗ ಜಾಸ್ತಿ. ಟಿಪಿಎಸ್ ಜರ್ಕ್ ಹಗುರ ಕಾಲಿನಲ್ಲಿ ಜಾಸ್ತಿ. ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಕೈಕೊಟ್ಟರೆ ಆರ್‌ಪಿಎಂ ಮುಳ್ಳು ಕೆಳಗೆ ಬೀಳಬಹುದು, ಎಂಜಿನ್ ಪೂರ್ತಿ ನಿಂತೂ ಹೋಗಬಹುದು. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದ್ದರೆ ತೊಂದರೆ ಐಡ್ಲಿಂಗ್‌ನಲ್ಲಿ ಕಾಣುತ್ತದೆ, ಬಂದು ಹೋಗುವುದಿಲ್ಲ, ಇದ್ದೇ ಇರುತ್ತದೆ.

ಕೋಡ್ ಯಾವ ಕಡೆ ಕೈ ತೋರಿಸುತ್ತದೆ

ಪಿ0122 ಅಂದರೆ ಸಿಗ್ನಲ್ ತೀರಾ ಕಡಿಮೆ. ಪಿ0123 ಅಂದರೆ ತೀರಾ ಹೆಚ್ಚು. ಪಿ0121 ಅಂದರೆ ಸಿಗ್ನಲ್ ಮಿತಿಯೊಳಗೇ ಇದೆ, ಆದರೆ ಎಂಜಿನ್‌ನ ಉಳಿದ ಲೆಕ್ಕಕ್ಕೆ ಹೊಂದುತ್ತಿಲ್ಲ. ಪಿ0124 ಅಂದರೆ ಬಂದು ಹೋಗುತ್ತಿದೆ ಅಂತ ಇಸಿಯುವೇ ಒಪ್ಪಿಕೊಂಡ ಹಾಗೆ.

ಇಲ್ಲಿ ಮೊದಲ ಎರಡಕ್ಕೆ ಹೆಚ್ಚು ಬೆಲೆ ಕೊಡಿ. ಮೂರು ವೈರ್ ಇರುವ ಪಟ್ಟಿ ಸೆನ್ಸರ್‌ನಲ್ಲಿ 5 ವೋಲ್ಟ್ ವೈರ್ ಕಿತ್ತುಹೋದರೆ ಸಿಗ್ನಲ್ 0 ಕಡೆಗೆ ಬೀಳುತ್ತದೆ, ಪಿ0122 ಬರುತ್ತದೆ. ಅರ್ಥ್ ವೈರ್ ಕಿತ್ತುಹೋದರೆ ಕೆಳಗೆ ಎಳೆಯುವವರೇ ಇಲ್ಲ, ಸಿಗ್ನಲ್ 5ಕ್ಕೆ ಹಾರುತ್ತದೆ, ಪಿ0123 ಬರುತ್ತದೆ. ಸಿಗ್ನಲ್ ವೈರ್ ತುಂಡಾದರೆ ಇಸಿಯು ಒಳಗಿನ ವಿನ್ಯಾಸದ ಮೇಲೆ ಎರಡರಲ್ಲಿ ಯಾವುದೂ ಬರಬಹುದು. ನನ್ನ ಗಾಡಿಯಲ್ಲಿ ಪ್ರತಿ ಸಲವೂ ಪಿ0123 ಬಂದಿತ್ತು. ಅರ್ಥ್ ನೋಡು ಅಂತ ಕೋಡ್ ಮೊದಲ ದಿನವೇ ಹೇಳಿತ್ತು. ಸೆನ್ಸರ್ ಹೆಸರಿನ ಕೋಡ್ ಬಂದರೆ ಸೆನ್ಸರ್ ಕೆಟ್ಟಿದೆ ಅಂತಲ್ಲ, ಆ ಸರ್ಕ್ಯೂಟ್‌ನಲ್ಲಿ ಎಲ್ಲೋ ತಪ್ಪಿದೆ ಅಂತ ಅಷ್ಟೇ.

ಮೀಟರ್ ಹಚ್ಚುವುದು

ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕೀ ಆನ್ ಮಾಡಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ. ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು, ಕೈ ಮತ್ತು ಬಟ್ಟೆ ದೂರ ಇರಲಿ. ವೈರ್ ಬಣ್ಣ ಯಾವುದು ಯಾವುದಕ್ಕೆ ಅಂತ ಮ್ಯಾನ್ಯುಯಲ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ, ಊಹೆ ಬೇಡ.

ಕಪ್ಲರ್ ಹಾಗೇ ಸಿಕ್ಕಿಸಿರಲಿ. ಹಿಂಭಾಗದಲ್ಲಿ ವೈರ್ ಒಳಗೆ ಹೋಗುವಲ್ಲಿ ರಬ್ಬರ್ ಸೀಲ್ ಪಕ್ಕದಿಂದ ಸಣ್ಣ ಪಿನ್ ನಿಧಾನವಾಗಿ ಜಾರಿಸಿ, ಅದು ಒಳಗಿನ ಟರ್ಮಿನಲ್‌ಗೆ ತಾಗುತ್ತದೆ. ಜೋರಾಗಿ ತುರುಕಬೇಡಿ, ಲೂಸ್ ಇರುವ ಟರ್ಮಿನಲ್ ಬಿಗಿಯಾಗಿ ಕುಳಿತು ಮತ್ತೆ ದೋಷ ಅಡಗುತ್ತದೆ. ವೈರ್ ಮೇಲಿನ ಪ್ಲಾಸ್ಟಿಕ್‌ಗೆ ಸೂಜಿ ಚುಚ್ಚಿ ಅಳೆಯುವುದಂತೂ ಬೇಡವೇ ಬೇಡ. ಆ ತೂತಿನಿಂದ ನೀರು ಇಳಿದು ತಾಮ್ರ ಹಸಿರಾಗುತ್ತದೆ. ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಕೂಡ ಇಲ್ಲಿ ಹಚ್ಚಬಾರದು, ಅದು ಎಳೆಯುವ ಕರೆಂಟ್ ಇಸಿಯುಗೆ ಆಗಿಬರುವುದಿಲ್ಲ.

ಮೀಟರ್‌ನ ಕಪ್ಪು ಮೊನೆ ಬ್ಯಾಟರಿ ಮೈನಸ್‌ಗೆ. ಕೆಂಪು ಮೊನೆ ಮೊದಲು 5 ವೋಲ್ಟ್ ವೈರ್‌ಗೆ: 4.9ರಿಂದ 5.1 ಇರಬೇಕು. ಆಮೇಲೆ ಸೆನ್ಸರ್ ಅರ್ಥ್‌ಗೆ: 0.05 ವೋಲ್ಟ್ ಒಳಗೆ ಇದ್ದರೆ ಚೆನ್ನ, 0.1 ದಾಟಿದರೆ ಅನುಮಾನ ಪಡಿ. ಕೊನೆಗೆ ಸಿಗ್ನಲ್‌ಗೆ.

ಸಿಗ್ನಲ್ ನೋಡುತ್ತಾ ಥ್ರಾಟಲ್ ಅನ್ನು ತೀರಾ ನಿಧಾನವಾಗಿ ತೆರೆಯಿರಿ. ಮುಚ್ಚಿದ ಸ್ಥಿತಿಯಿಂದ ಪೂರ್ತಿ ತೆರೆಯುವ ತನಕ ಹತ್ತು ಹದಿನೈದು ಸೆಕೆಂಡ್ ಹಿಡಿಯಲಿ. ಮೊದಲ ಕಾಲು ಭಾಗದಲ್ಲಿ ಇನ್ನೂ ನಿಧಾನ, ಹಿಂದೆ ಮುಂದೆ ನಾಲ್ಕು ಸಲ. ದಿನನಿತ್ಯದ ಓಡಾಟದಲ್ಲಿ ನಾಲಿಗೆ ಉಜ್ಜಾಡುವುದು ಅಲ್ಲೇ, ಪಟ್ಟಿ ಸವೆಯುವುದೂ ಅಲ್ಲೇ. ಅಂಕಿ ಒಂದೇ ಸಮನೆ ಏರಬೇಕು. ನಡುವೆ ಹಿಂದಕ್ಕೆ ಬಿದ್ದರೆ, ಹಾರಿದರೆ, ಆ ಜಾಗ ನೆನಪಿಟ್ಟುಕೊಂಡು ಮತ್ತೆ ಅಲ್ಲೇ ಆಡಿಸಿ ನೋಡಿ.

ಒಂದು ತೊಡಕಿದೆ. ಸಾಮಾನ್ಯ ಡಿಜಿಟಲ್ ಮೀಟರ್ ಸೆಕೆಂಡಿಗೆ ಮೂರು ನಾಲ್ಕು ಸಲ ಮಾತ್ರ ಅಂಕಿ ಬದಲಿಸುತ್ತದೆ. ಅದಕ್ಕಿಂತ ಬೇಗ ಬಂದು ಹೋಗುವ ಹಾರಾಟ ಅದಕ್ಕೆ ಕಾಣುವುದಿಲ್ಲ. ಮೀಟರ್‌ನಲ್ಲಿ ಅತಿ ಕಡಿಮೆ, ಅತಿ ಹೆಚ್ಚು ಅಂಕಿ ಹಿಡಿದಿಡುವ ಮಿನ್-ಮ್ಯಾಕ್ಸ್ ಬಟನ್ ಇದ್ದರೆ ಒತ್ತಿ, ರೇಂಜ್ ತಾನಾಗಿ ಬದಲಾಗದ ಹಾಗೆ ಲಾಕ್ ಮಾಡಿ. ಹಳೆಯ ಮುಳ್ಳಿನ ಮೀಟರ್ ಮನೆಯಲ್ಲಿದ್ದರೆ ಹೊರಗೆ ತೆಗೆಯಿರಿ. ಸವೆದ ಪಟ್ಟಿಯ ಮೇಲೆ ನಾಲಿಗೆ ಹಾದಾಗ ಮುಳ್ಳು ಒಮ್ಮೆ ಸಣ್ಣಗೆ ನಡುಗುತ್ತದೆ, ಡಿಜಿಟಲ್ ಅಂಕಿಗಿಂತ ಅದು ಕಣ್ಣಿಗೆ ಬೇಗ ಬೀಳುತ್ತದೆ. ಸಿಗ್ನಲ್‌ನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ಬರೆಯುವ ಆಸಿಲೋಸ್ಕೋಪ್ ಸಿಕ್ಕರೆ ಬೇರೆ ಏನೂ ಬೇಡ. ಒಂದು ಚೌಕಕ್ಕೆ 1 ವೋಲ್ಟ್, ಪೂರ್ತಿ ಪರದೆಗೆ 2 ಸೆಕೆಂಡ್ ಇಟ್ಟು ಥ್ರಾಟಲ್ ತೆರೆದು ಮುಚ್ಚಿ. ಒಳ್ಳೆಯ ಸೆನ್ಸರ್ ನಯವಾದ ಗುಡ್ಡ ಬರೆಯುತ್ತದೆ. ಕೆಟ್ಟದ್ದರಲ್ಲಿ ಗುಡ್ಡದ ಇಳಿಜಾರಿನಿಂದ ಕೆಳಕ್ಕೆ ಚೂಪಾದ ಗೀರುಗಳು ಇಳಿದಿರುತ್ತವೆ.

ಓಮ್ ಅಳತೆ ನಾನು ಮಾಡುವುದಿಲ್ಲ. ಅದಕ್ಕೆ ಕಪ್ಲರ್ ಕೀಳಲೇಬೇಕು. ಮೇಲಾಗಿ ಈಗಿನ ಎಷ್ಟೋ ಸೆನ್ಸರ್‌ಗಳಲ್ಲಿ ಪಟ್ಟಿಯೇ ಇಲ್ಲ, ಆಯಸ್ಕಾಂತ ನೋಡಿ ಕೆಲಸ ಮಾಡುವ ಹಾಲ್ ಚಿಪ್ ಇದೆ. ಅದರಲ್ಲಿ ಓಮ್ ಅಂಕಿಗೆ ಅರ್ಥವಿಲ್ಲ.

ಅಲುಗಾಡಿಸಿ, ತಟ್ಟಿ, ಬಿಸಿ ಮಾಡಿ

ಥ್ರಾಟಲ್ ಮುಚ್ಚಿಯೇ ಇರಲಿ, ಮೀಟರ್ ಸಿಗ್ನಲ್ ಮೇಲೆ ಮಿನ್-ಮ್ಯಾಕ್ಸ್‌ನಲ್ಲಿ ಇರಲಿ. ಈಗ ಸಿಗ್ನಲ್ ಅಲುಗಲು ಕಾರಣವೇ ಇಲ್ಲ. ಅಲುಗಿದರೆ ಅದೇ ಕಳ್ಳ. ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ಸೆನ್ಸರ್ ಮೈಯನ್ನು ಮೆಲ್ಲಗೆ ತಟ್ಟಿ. ಆಮೇಲೆ ಕಪ್ಲರ್ ಅನ್ನು ಎರಡು ಬೆರಳಲ್ಲಿ ಹಿಡಿದು ನಾಲ್ಕೂ ಕಡೆ ಅಲುಗಿಸಿ. ಆಮೇಲೆ ವೈರಿಂಗ್ ಹಿಡಿದು ಒಂದೊಂದು ಗೇಣು ಮುಂದೆ ಹೋಗುತ್ತಾ ಬಾಗಿಸಿ, ಇಸಿಯು ತನಕ. ಅವಸರ ಬೇಡ, ಪ್ರತಿ ಜಾಗದಲ್ಲೂ ಎರಡು ಮೂರು ಸೆಕೆಂಡ್ ನಿಲ್ಲಿ. ವೈರ್ ಕ್ಲಿಪ್‌ನೊಳಗೆ ಹಾದುಹೋಗುವಲ್ಲಿ, ಅಂಚಿಗೆ ಉಜ್ಜುವಲ್ಲಿ, ಅಲುಗುವ ಎಂಜಿನ್‌ನಿಂದ ಅಲುಗದ ಬಾಡಿಗೆ ದಾಟುವಲ್ಲಿ ಜಾಸ್ತಿ ಹೊತ್ತು ಕಳೆಯಿರಿ.

ಬಿಸಿಗೆ ಬರುವ ದೋಷವಾದರೆ ಹೇರ್ ಡ್ರೈಯರ್ ಸಾಕು. ಮೊದಲು ಸೆನ್ಸರ್ ಒಂದನ್ನೇ, ಆಮೇಲೆ ಕಪ್ಲರ್, ಆಮೇಲೆ ವೈರ್. ಮೂರಕ್ಕೂ ಒಟ್ಟಿಗೆ ಬಿಸಿ ಕೊಟ್ಟರೆ ಯಾವುದು ಅಂತ ಗೊತ್ತಾಗುವುದಿಲ್ಲ. ಮಳೆಗೆ ಬರುವುದಾದರೆ ಸ್ಪ್ರೇ ಬಾಟಲಿಯಲ್ಲಿ ಸ್ವಲ್ಪ ನೀರು ಹನಿಸಿ ನೋಡಬಹುದು, ಇಸಿಯು ಮತ್ತು ಫ್ಯೂಸ್ ಬಾಕ್ಸ್ ಕಡೆ ಹೋಗದ ಹಾಗೆ.

ಸಿಗ್ನಲ್ ಹಾರಿತು ಅನ್ನಿ. ಈಗ ಮೂರು ವೈರ್‌ನಲ್ಲಿ ಯಾವುದು ಅಂತ ಬೇರೆ ಮಾಡಬೇಕು. ಅದೇ ಜಾಗ ಅಲುಗಿಸುತ್ತಾ ಅರ್ಥ್ ವೈರ್ ಮೇಲೆ ಅಳೆಯಿರಿ. ಕಪ್ಲರ್ ಹಿಂಭಾಗದಲ್ಲಿ ಅರ್ಥ್ ಕೂಡ 0ಯಿಂದ ಮೇಲಕ್ಕೆ ಹಾರಿದರೆ ಅಲ್ಲಿಂದ ಇಸಿಯು ಕಡೆಗೆ ಎಲ್ಲೋ ವೈರ್ ತುಂಡು. ಸಿಗ್ನಲ್ ಹಾರುತ್ತದೆ, ಆದರೆ ಅರ್ಥ್ 0ಯಲ್ಲೇ, 5 ವೋಲ್ಟ್ 5ರಲ್ಲೇ ಇದೆಯಾ? ಹಾಗಾದರೆ ಆ ಎರಡು ವೈರ್ ಸರಿ. ತಪ್ಪು ಕಪ್ಲರ್ ಪಿನ್ ಹಿಡಿತದಲ್ಲಿದೆ, ಸೆನ್ಸರ್ ಒಳಗಿದೆ, ಅಥವಾ ಸಿಗ್ನಲ್ ವೈರ್ ಎಲ್ಲೋ ಉಜ್ಜಿ ಶಾರ್ಟ್ ಆಗುತ್ತಿದೆ. ಇನ್ನೊಂದು ಸಾಧ್ಯತೆ: ಸೆನ್ಸರ್ ಹತ್ತಿರ ಮೀಟರ್ ಕದಲುವುದೇ ಇಲ್ಲ, ಸ್ಕ್ಯಾನರ್‌ನಲ್ಲಿ ಮಾತ್ರ ಅಂಕಿ ಹಾರುತ್ತದೆ. ಆಗ ಸಿಗ್ನಲ್ ವೈರ್ ದಾರಿಯಲ್ಲಿ ತುಂಡಾಗಿದೆ, ಅಥವಾ ಇಸಿಯು ಕಪ್ಲರ್‌ನಲ್ಲಿ ಲೂಸ್ ಕಾಂಟ್ಯಾಕ್ಟ್ ಇದೆ.

5 ವೋಲ್ಟೇ ಕುಸಿಯುತ್ತಿದ್ದರೆ ಟಿಪಿಎಸ್ ಮೇಲೆ ತಪ್ಪು ಹೊರಿಸಬೇಡಿ. ಎಷ್ಟೋ ಗಾಡಿಗಳಲ್ಲಿ ಅದೇ 5 ವೋಲ್ಟ್ ಮ್ಯಾಪ್ ಸೆನ್ಸರ್‌ಗೆ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವಂಥದ್ದು), ಎಸಿ ಪ್ರೆಶರ್ ಸೆನ್ಸರ್‌ಗೆ ಕೂಡ ಹಂಚಿರುತ್ತದೆ. ಒಂದು ಒಳಗೇ ಶಾರ್ಟ್ ಆದರೆ ಎಲ್ಲವೂ ಕೂಡಿ ಬೀಳುತ್ತವೆ. ಸ್ಕ್ಯಾನರ್‌ನಲ್ಲಿ ಟಿಪಿಎಸ್ ಮತ್ತು ಮ್ಯಾಪ್ ಅಂಕಿ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಕ್ಷಣ ಹಾರಿದರೆ ಇಬ್ಬರಿಗೂ ಸೇರಿದ ವೈರ್ ಹುಡುಕಿ.

ನನ್ನ ಗಾಡಿಯ ವೈರ್

ನನ್ನ ಮೀಟರ್‌ನಲ್ಲಿ ಥ್ರಾಟಲ್ ಮುಚ್ಚಿದಾಗ 0.52 ಇತ್ತು. ಸೆನ್ಸರ್ ತಟ್ಟಿದೆ, 0.52. ಕಪ್ಲರ್ ಅಲುಗಿಸಿದೆ, 0.52. ಕಪ್ಲರ್‌ನಿಂದ ನಾಲ್ಕು ಬೆರಳು ದೂರದಲ್ಲಿ ವೈರಿಂಗ್ ಒಂದು ಪ್ಲಾಸ್ಟಿಕ್ ಕ್ಲಿಪ್‌ನೊಳಗೆ ಹಾದು ಗಕ್ಕನೆ ಬಾಗುತ್ತಿತ್ತು. ಅಲ್ಲಿ ಹೆಬ್ಬೆರಳು ಇಟ್ಟು ಒತ್ತಿದ ತಕ್ಷಣ ಮ್ಯಾಕ್ಸ್ 4.97. ಬಿಟ್ಟರೆ 0.52. ಅರ್ಥ್ ಮೇಲೆ ಅಳೆದರೆ ಅಲ್ಲೂ ಅದೇ ಹಾರಾಟ.

ಮೇಲಿನ ಟೇಪ್ ಬಿಡಿಸಿದರೆ ಮೂರು ವೈರ್‌ಗಳೂ ಹೊಸದರಂತೆ ಕಾಣುತ್ತಿದ್ದವು. ಪ್ಲಾಸ್ಟಿಕ್ ಮೇಲೆ ಒಂದು ಗೀರೂ ಇರಲಿಲ್ಲ. ಕೀ ಆಫ್ ಮಾಡಿ, ಒಂದೊಂದೇ ವೈರ್ ಅನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದೆ. ಎರಡು ವೈರ್ ಗಟ್ಟಿಯಾಗಿ ನಿಂತವು. ಅರ್ಥ್ ವೈರ್ ಮಾತ್ರ ರಬ್ಬರ್ ಬ್ಯಾಂಡ್ ಹಾಗೆ ಹಿಗ್ಗಿತು. ಹಿಗ್ಗಿದ ಜಾಗದಲ್ಲಿ ಸಣ್ಣಗೆ ಸೊಂಟ ಬಿದ್ದಿತ್ತು. ಒಳಗೆ ತಾಮ್ರ ಇದ್ದರೆ ಪ್ಲಾಸ್ಟಿಕ್ ಹಾಗೆ ಹಿಗ್ಗುವುದಿಲ್ಲ. ಬ್ಲೇಡಿನಿಂದ ಸೀಳಿದಾಗ ತಾಮ್ರದ ಎಳೆಗಳೆಲ್ಲ ತುಂಡಾಗಿದ್ದವು, ತುದಿಗಳು ಕಪ್ಪಾಗಿದ್ದವು. ಎಂಜಿನ್ ಅಲುಗಿದಾಗೆಲ್ಲ ಆ ತುದಿಗಳು ತಾಗುತ್ತಾ ಬಿಡುತ್ತಾ ಇದ್ದವು. ಈ ಎಳೆದು ನೋಡುವ ಉಪಾಯಕ್ಕೆ ಯಾವ ಉಪಕರಣವೂ ಬೇಡ, ಆದರೆ ಕೈ ಮೃದುವಾಗಿರಬೇಕು.

ವೈರ್ ಸರಿ ಇದ್ದು ಪಿನ್ ಮೇಲೆ ಅನುಮಾನ ಬಂದರೆ ಈಗ, ಈ ಹಂತದಲ್ಲಿ, ಕಪ್ಲರ್ ಕೀಳಬಹುದು. ಬೆಳಕು ಬಿಟ್ಟು ಒಳಗೆ ನೋಡಿ. ಹಸಿರು ಪುಡಿ ಇದೆಯಾ, ಒಂದು ಟರ್ಮಿನಲ್ ಉಳಿದವಕ್ಕಿಂತ ಹಿಂದೆ ಸರಿದಿದೆಯಾ? ಸೆನ್ಸರ್‌ನ ಗಂಡು ಪಿನ್‌ನಷ್ಟೇ ದಪ್ಪದ ಬಿಡಿ ಪಿನ್ ಒಂದನ್ನು ಪ್ರತಿ ಹೆಣ್ಣು ಟರ್ಮಿನಲ್‌ಗೆ ತೂರಿಸಿ ಎಳೆಯಿರಿ. ಒಂದು ಮಾತ್ರ ತಡೆಯೇ ಇಲ್ಲದೆ ಜಾರಿ ಬಂದರೆ ಅದರ ಹಿಡಿತ ಹೋಗಿದೆ. ದಪ್ಪ ಮೊನೆ ತೂರಿಸಿ ಪರೀಕ್ಷೆ ಮಾಡಿದರೆ ಒಳ್ಳೆಯ ಟರ್ಮಿನಲ್ ಕೂಡ ಅಗಲವಾಗಿ ಹಾಳಾಗುತ್ತದೆ.

ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ

ಕೇಬಲ್ ಇಲ್ಲದ ಗಾಡಿಗಳಲ್ಲಿ ಥ್ರಾಟಲ್ ಬಾಡಿಯೊಳಗೆ ಎರಡು ಸೆನ್ಸರ್ ಇರುತ್ತವೆ. ಹಲವು ಗಾಡಿಗಳಲ್ಲಿ ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ, ಎರಡನ್ನೂ ಕೂಡಿದರೆ ಯಾವಾಗಲೂ ಸುಮಾರು 5 ವೋಲ್ಟ್. ಲೆಕ್ಕ ತಪ್ಪಿದ ಕೂಡಲೇ ಪಿ2135 ಬರುತ್ತದೆ, ಇಸಿಯು ಎಂಜಿನ್ ಶಕ್ತಿ ತಗ್ಗಿಸಿ ಗಾಡಿಯನ್ನು ಲಿಂಪ್ ಮೋಡ್‌ಗೆ, ಅಂದರೆ ಕುಂಟುತ್ತಾ ಸಾಗುವ ಸ್ಥಿತಿಗೆ, ತಳ್ಳುತ್ತದೆ. ಪಿ2138 ಬಂದರೆ ಅದು ಪೆಡಲ್ ಬಳಿಯ ಸೆನ್ಸರ್‌ನದ್ದು, ಥ್ರಾಟಲ್ ಬಾಡಿ ಬಿಚ್ಚಬೇಡಿ. ಪರೀಕ್ಷೆ ಮೇಲಿನಂತೆಯೇ, ಎರಡೂ ಸಿಗ್ನಲ್ ಒಟ್ಟಿಗೆ ನೋಡಬೇಕು ಅಷ್ಟೇ. ಎರಡೂ ಕೂಡಿ ಹಾರಿದರೆ ಹಂಚಿಕೊಂಡ ಅರ್ಥ್ ಅಥವಾ 5 ವೋಲ್ಟ್ ನೋಡಿ, ಒಂದು ಮಾತ್ರ ಹಾರಿದರೆ ಅದರ ವೈರ್, ಪಿನ್ ಅಥವಾ ಒಳಗಿನ ಪಟ್ಟಿ.

ಕೀ ಆನ್ ಇರುವಾಗ ಆ ಥ್ರಾಟಲ್ ಬಾಯಿಗೆ ಬೆರಳು ಹಾಕಲೇಬೇಡಿ. ಮೋಟರ್ ಯಾವ ಕ್ಷಣದಲ್ಲಾದರೂ ತಟ್ಟೆಯನ್ನು ಮುಚ್ಚುತ್ತದೆ, ಬೆರಳು ಸೀಳಿಹೋಗುವಷ್ಟು ಬಲ ಅದಕ್ಕಿದೆ. ತೆರೆದು ನೋಡಬೇಕಾದರೆ ಇನ್ನೊಬ್ಬರನ್ನು ಕೂರಿಸಿ ಪೆಡಲ್ ಒತ್ತಿಸಿ, ಅಥವಾ ಸ್ಕ್ಯಾನರ್‌ನಿಂದ ಆಡಿಸಿ. ದೋಷ ಪದೇ ಪದೇ ಬರುತ್ತಿದ್ದರೆ ಆ ಗಾಡಿಯನ್ನು ಹೆದ್ದಾರಿಗೆ ಒಯ್ಯಬೇಡಿ. ಓವರ್‌ಟೇಕ್ ಮಾಡುವಾಗ ಶಕ್ತಿ ಹೋದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ರಿಪೇರಿ, ಆಮೇಲೆ ಖಾತ್ರಿ

ತುಂಡಾದ ವೈರ್‌ಗೆ ಅದೇ ದಪ್ಪದ ಹೊಸ ತುಂಡು ಸೇರಿಸಿ. ಎರಡೂ ಕಡೆ ಕಪ್ಪಾದ ತಾಮ್ರ ಪೂರ್ತಿ ಕತ್ತರಿಸಿ ಹೊಳೆಯುವ ತಾಮ್ರ ಸಿಗುವ ತನಕ ಹೋಗಿ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ. ಜಾಯಿಂಟ್ ಬಾಗುವ ಜಾಗದಲ್ಲಿ ಬರಬಾರದು, ಬೆಸುಗೆ ಹಾಕಿದ ವೈರ್ ಬೆಸುಗೆಯ ಅಂಚಿನಲ್ಲೇ ಮತ್ತೆ ಮುರಿಯುತ್ತದೆ. ನಾನು ಜಾಯಿಂಟನ್ನು ಕ್ಲಿಪ್‌ನಿಂದ ಒಂದು ಗೇಣು ಆಚೆಗೆ ಮಾಡಿ, ವೈರ್ ಸ್ವಲ್ಪ ಸಡಿಲವಾಗಿ ಬಾಗುವಂತೆ ಟೇಪ್ ಸುತ್ತಿದೆ.

ಸೆನ್ಸರ್‌ನದ್ದೇ ತಪ್ಪು ಅಂತ ಕಂಡರೆ ಬದಲಿಸಿ, ಹಿಂಜರಿಯಬೇಡಿ. ಸವೆದ ಪಟ್ಟಿಗೆ ಕ್ಲೀನರ್ ಹೊಡೆದು ಬದುಕಿಸುವ ಪ್ರಯತ್ನ ಹೆಚ್ಚು ದಿನ ಬಾಳುವುದಿಲ್ಲ. ಬಿಚ್ಚಿದಾಗ ಥ್ರಾಟಲ್ ಶಾಫ್ಟ್ ಹಿಡಿದು ಅಲುಗಿಸಿ ನೋಡಿ. ಶಾಫ್ಟ್ ಕುಣಿಯುತ್ತಿದ್ದರೆ ಹೊಸ ಸೆನ್ಸರ್ ಕೂಡ ಬೇಗ ಸವೆಯುತ್ತದೆ. ಸ್ಕ್ರೂ ತೂತು ಉದ್ದವಾಗಿದ್ದರೆ ಮುಚ್ಚಿದ ಸ್ಥಿತಿಯ ವೋಲ್ಟ್ ಮ್ಯಾನ್ಯುಯಲ್ ಹೇಳಿದಷ್ಟಕ್ಕೆ ಕೂರಿಸಿ ಬಿಗಿ ಮಾಡಿ. ಕೆಲವು ಗಾಡಿಗಳಲ್ಲಿ, ಅದರಲ್ಲೂ ಎಲೆಕ್ಟ್ರಾನಿಕ್ ಥ್ರಾಟಲ್‌ನಲ್ಲಿ, ಇಸಿಯುಗೆ ಹೊಸ ಮುಚ್ಚಿದ ಜಾಗ ಕಲಿಸಬೇಕು. ಅದರ ಕ್ರಮ ಗಾಡಿಗೊಂದು, ಮ್ಯಾನ್ಯುಯಲ್ ಪ್ರಕಾರವೇ ಮಾಡಿ.

ರಿಪೇರಿ ಆಯ್ತು ಅಂತ ಕೋಡ್ ಅಳಿಸಿ ಸುಮ್ಮನಾಗಬೇಡಿ. ಮೀಟರ್‌ನ ವೈರ್ ಉದ್ದ ಮಾಡಿ ಕ್ಯಾಬಿನ್ ಒಳಗೆ ತಂದು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಮೊದಲು ದೋಷ ಬರುತ್ತಿದ್ದ ಅದೇ ರಸ್ತೆ, ಅದೇ ಬಿಸಿ, ಅದೇ ವೇಗದಲ್ಲಿ ಓಡಿಸಿ. ಅಂಕಿ ನೋಡುವ ಕೆಲಸ ಪಕ್ಕದವರದ್ದು, ನಿಮ್ಮ ಕಣ್ಣು ರಸ್ತೆ ಮೇಲೆ. ಸ್ಕ್ಯಾನರ್‌ನಲ್ಲಿ ರೆಕಾರ್ಡ್ ಮಾಡುವ ಸೌಲಭ್ಯ ಇದ್ದರೆ ಅದೂ ನಡೆಯುತ್ತದೆ, ಆದರೆ ಅಂಕಿಗಳ ಪಟ್ಟಿಯಲ್ಲಿ ಟಿಪಿಎಸ್ ಒಂದನ್ನೇ ಆರಿಸಿ. ಇಪ್ಪತ್ತು ಅಂಕಿ ಒಟ್ಟಿಗೆ ಕೇಳಿದರೆ ಪ್ರತಿಯೊಂದೂ ನಿಧಾನವಾಗಿ ಬರುತ್ತದೆ.

ನಾನು ಆ ಗುಂಡಿಗಳ ರಸ್ತೆಯಲ್ಲೇ ಮುಕ್ಕಾಲು ಗಂಟೆ ಓಡಿಸಿದೆ, ಆಕ್ಸಿಲರೇಟರ್ ಅರ್ಧಕ್ಕಿಂತ ಜಾಸ್ತಿ ಒತ್ತದೆ. ವಾಪಸ್ ಬಂದು ಮೀಟರ್ ನೋಡಿದಾಗ ಮಿನ್ 0.52, ಮ್ಯಾಕ್ಸ್ 2.31 ಇತ್ತು.